ಹ್ಯಾಂಡ್ ಲೇಅಪ್, ಇನ್‌ಫ್ಯೂಶನ್, ಪ್ರಿಪ್ರೆಗ್: ನಿಮ್ಮ ಕೆಲಸಕ್ಕೆ ಯಾವುದು?

ನಾರಿಗೆ ರೆಸಿನ್ (ಗಟ್ಟಿಯಾಗುವ ಅಂಟುದ್ರವ) ಸೇರಿಸಿ ಫೈಬರ್ ವಸ್ತು ಮಾಡುವ ಮೂರು ವಿಧಾನಗಳಿವು. ಮೊದಲು ಹೆಸರುಗಳ ಗೊಂದಲ ಬಿಡಿಸೋಣ. ಅಚ್ಚಿನ ಮೇಲೆ ಗ್ಲಾಸ್ ಮ್ಯಾಟ್ (ಗಾಜಿನ ನಾರಿನ ಹಾಸು) ಹಾಸಿ, ಬ್ರಶ್‌ನಲ್ಲಿ ರೆಸಿನ್ ಬಳಿದು, ರೋಲರ್ ಉರುಳಿಸಿ ಗಾಳಿಗುಳ್ಳೆ ಓಡಿಸಿದರೆ ಅದು ಹ್ಯಾಂಡ್ ಲೇಅಪ್. ಒಣ ನಾರಿನ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಪಂಪ್‌ನಿಂದ ಒಳಗಿನ ಗಾಳಿ ತೆಗೆದು, ಆ ಎಳೆತಕ್ಕೇ ರೆಸಿನ್ ಹರಿಯುವಂತೆ ಮಾಡಿದರೆ ಇನ್‌ಫ್ಯೂಶನ್. ಪ್ರಿಪ್ರೆಗ್ ಅಂದರೆ ಕಾರ್ಖಾನೆಯಲ್ಲೇ ರೆಸಿನ್ ಹೀರಿಸಿದ ಬಟ್ಟೆ.

ಖರ್ಚಿನಲ್ಲಿ ಲೇಅಪ್ಪೇ ಅಗ್ಗ. ಇನ್‌ಫ್ಯೂಶನ್‌ಗೆ ಪಂಪು, ಪ್ರತಿ ಸಲ ಎಸೆಯುವ ಹಾಳೆ, ಪೈಪು ಬೇಕು. ಪ್ರಿಪ್ರೆಗ್‌ಗೆ ಸಾಮಾನ್ಯವಾಗಿ ಮೈನಸ್ 18 ಡಿಗ್ರಿಯ ಫ್ರೀಜರ್, ಬೇಯಿಸಲು ಓವನ್ ಅಥವಾ ಆಟೋಕ್ಲೇವ್ (ಒತ್ತಡ ಹಾಕಿ ಬಿಸಿ ಮಾಡುವ ದೊಡ್ಡ ಪಾತ್ರೆ). ಸಣ್ಣ ಶೆಡ್ಡಿನ ಮಾತಲ್ಲ.

ಬಲ ನಿಂತಿರುವುದು ನಾರಿನ ಪಾಲಿನ ಮೇಲೆ. ಮ್ಯಾಟ್ ಲೇಅಪ್‌ನಲ್ಲಿ ತೂಕದ ಸುಮಾರು ಮೂರನೇ ಒಂದು ಭಾಗ ಮಾತ್ರ ನಾರು, ಉಳಿದದ್ದು ರೆಸಿನ್. ಇನ್‌ಫ್ಯೂಶನ್‌ನಲ್ಲಿ ನಾರೇ ಅರ್ಧಕ್ಕಿಂತ ಹೆಚ್ಚು.

ಸುಲಭವೋ? ಲೇಅಪ್‌ನಲ್ಲಿ ತಪ್ಪು ಕಣ್ಣಿಗೆ ಕಾಣುತ್ತದೆ, ರೋಲರ್ ಇನ್ನೊಮ್ಮೆ ಆಡಿಸಿದರಾಯ್ತು. ರೆಸಿನ್‌ನಿಂದ ಏಳುವ ಸ್ಟೈರೀನ್ ವಾಸನೆಗೆ ಮಾತ್ರ ತಲೆ ಸಿಡಿಯುತ್ತದೆ, ಮಾಸ್ಕ್ ಬಿಡಬೇಡಿ. ಇನ್‌ಫ್ಯೂಶನ್‌ನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಇಡೀ ತುಂಡು ಹಾಳಾಗಬಹುದು. ಆದ್ದರಿಂದ ರೆಸಿನ್ ಬಿಡುವ ಮುಂಚೆ ಪಂಪ್ ನಿಲ್ಲಿಸಿ, ಎಳೆತ ತೋರಿಸುವ ಗೇಜಿನ ಮುಳ್ಳು ಇಳಿಯುತ್ತದೆಯೇ ನೋಡಿ.

ನೀರಿನ ತೊಟ್ಟಿ, ರಿಪೇರಿ, ಒಂದೆರಡು ನಗ ಎಂದರೆ ಲೇಅಪ್. ಒಂದೇ ಅಚ್ಚಿನಲ್ಲಿ ಹಗುರ ದೋಣಿಗಳನ್ನು ಮತ್ತೆ ಮತ್ತೆ ತೆಗೆಯುವುದಾದರೆ ಇನ್‌ಫ್ಯೂಶನ್. ಗ್ರಾಂ ಲೆಕ್ಕ ಹಾಕುವ ವಿಮಾನದ ಭಾಗಗಳಿಗೆ ಪ್ರಿಪ್ರೆಗ್.