ಆರು ವರ್ಷ ಹ್ಯೂಗೊ ಬಳಸಿದ ಮೇಲೆ: ಥೀಮ್ ಒಂದನ್ನು ಬಿಟ್ಟು ಎಲ್ಲವನ್ನೂ ತಿದ್ದಿ

ಕೊಪ್ಪಳದ ಸುತ್ತಮುತ್ತಲಿನ ಗುಡಿ, ಕೋಟೆ, ಶಾಸನಗಳ ಬಗ್ಗೆ ಬಿಡುವಿನಲ್ಲಿ ಬರೆಯುವುದು ನನ್ನ ಹವ್ಯಾಸ. ಮೊದಲು ಡೇಟಾಬೇಸ್ ಬೇಡುವ ದೊಡ್ಡ ತಂತ್ರಾಂಶವೊಂದನ್ನು ಬಳಸುತ್ತಿದ್ದೆ. ಬರೆಯುವುದಕ್ಕಿಂತ ರಿಪೇರಿಯೇ ಹೆಚ್ಚಾದಾಗ ಅದಕ್ಕೆ ಕೈಮುಗಿದು, ಜಾಲತಾಣ ಕಟ್ಟಿಕೊಡುವ ಹ್ಯೂಗೊ ಹಿಡಿದೆ.

2013ರಲ್ಲಿ ಹೊರಬಂದ, ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಈ ಉಚಿತ ತಂತ್ರಾಂಶವನ್ನು ಒಂದೇ ಫೈಲ್ ಆಗಿ ಇಳಿಸಿಕೊಳ್ಳಬಹುದು. ಮಾರ್ಕ್‌ಡೌನ್‌ನಲ್ಲಿ (ಸರಳ ಗುರುತುಗಳಿರುವ ಸಾದಾ ಪಠ್ಯದಲ್ಲಿ) ಬರೆದಿಟ್ಟದ್ದನ್ನು ಸಿದ್ಧ ಪುಟಗಳನ್ನಾಗಿ ಮಾಡಿಕೊಡುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋಗಿ ವೈಫೈ ಸತ್ತರೂ ಲ್ಯಾಪ್‌ಟಾಪ್‌ನ ಬ್ಯಾಟರಿ ಇದ್ದಷ್ಟು ಹೊತ್ತು ಬರೆದು, ಪುಟ ಹೇಗೆ ಕಾಣುತ್ತದೆ ಎಂದು ಅಲ್ಲೇ ನೋಡಿಕೊಳ್ಳಬಹುದು. ಪುಟಗಳೂ ಹಗುರ. ಗವಿಮಠದ ಜಾತ್ರೆಯ ಜನಜಂಗುಳಿಯಲ್ಲಿ ನೆಟ್‌ವರ್ಕ್ ತೆವಳುತ್ತಿದ್ದಾಗಲೂ ನನ್ನ ತಾಣ ತೆರೆದುಕೊಂಡಿತ್ತು.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಪುಟದ ಅಡಿಬರಹವನ್ನು ಬದಲಿಸಲು ಥೀಮ್‌ನ, ಅಂದರೆ ತಾಣಕ್ಕೆ ರೂಪ ಕೊಡುವ ಸಿದ್ಧ ವಿನ್ಯಾಸದ, ಫೋಲ್ಡರ್‌ಗೇ ಕೈಹಾಕಿದೆ. ಆರು ತಿಂಗಳ ನಂತರ ಥೀಮ್‌ನ ಹೊಸ ಆವೃತ್ತಿಯನ್ನು ಹಾಕಿದಾಗ ತಿದ್ದಿದ್ದೆಲ್ಲ ಅಳಿಸಿಹೋಯಿತು. ಥೀಮ್ ಮಾಡಿದವರದೇನೂ ತಪ್ಪಿಲ್ಲ. ಬೇಕಾದ ಟೆಂಪ್ಲೇಟ್ (ಪುಟದ ಅಚ್ಚು) ಫೈಲನ್ನು ನಮ್ಮದೇ ತಾಣದ ಲೇಔಟ್ಸ್ ಫೋಲ್ಡರ್‌ಗೆ, ಅದೇ ಹೆಸರು, ಅದೇ ದಾರಿಯಲ್ಲಿ ನಕಲು ಮಾಡಿ ಅಲ್ಲಿ ತಿದ್ದಬೇಕು. ಹ್ಯೂಗೊ ಮೊದಲು ನಮ್ಮದನ್ನು ನೋಡುತ್ತದೆ, ಇಲ್ಲದಿದ್ದರೆ ಮಾತ್ರ ಥೀಮ್‌ಗೆ ಹೋಗುತ್ತದೆ.

ಇನ್ನೊಂದು ತೊಡಕು ನನ್ನ ಎರಡು ಭಾನುವಾರಗಳನ್ನು ತಿಂದಿತು. ಬೆಳಿಗ್ಗೆ ಎಂಟಕ್ಕೆ ಬರೆದು ಪ್ರಕಟಿಸಿದ ಲೇಖನ ತಾಣದಲ್ಲಿ ಕಾಣುತ್ತಲೇ ಇರಲಿಲ್ಲ. ದೋಷದ ಸಂದೇಶವೂ ಇಲ್ಲ. ಮಧ್ಯಾಹ್ನ ಊಟ ಮುಗಿಸಿ ಮತ್ತೆ ಪುಟ ಕಟ್ಟಿದರೆ ಲೇಖನ ತಾನಾಗಿಯೇ ಪ್ರತ್ಯಕ್ಷ! ನಾನು ಬರೆದ ಸಮಯಕ್ಕೆ ವಲಯದ ಗುರುತಿರಲಿಲ್ಲವಾದ್ದರಿಂದ ಹ್ಯೂಗೊ ಅದನ್ನು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ಎಂದು ಓದುತ್ತಿತ್ತು. ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ. ಹಾಗಾಗಿ ಅದರ ಲೆಕ್ಕದಲ್ಲಿ ನನ್ನ ಲೇಖನ ಇನ್ನೂ ಭವಿಷ್ಯದ್ದು, ಭವಿಷ್ಯದ ದಿನಾಂಕದ್ದನ್ನು ಅದು ಪ್ರಕಟಿಸುವುದಿಲ್ಲ. ಸೆಟ್ಟಿಂಗ್ ಫೈಲ್‌ನಲ್ಲಿ ಕಾಲವಲಯ ಏಷ್ಯಾ/ಕೋಲ್ಕತಾ ಎಂದು ಒಂದು ಸಾಲು ಸೇರಿಸಿದೆ, ಕಾಟ ತಪ್ಪಿತು.

ಕನ್ನಡಕ್ಕೆಂದೇ ಮಾಡಿಕೊಳ್ಳಬೇಕಾದದ್ದೂ ಇದೆ. ಮುಖಪುಟದಲ್ಲಿ ಲೇಖನದ ಸಾರಾಂಶವೆಂದು ಹ್ಯೂಗೊ ತಾನಾಗಿ ಸುಮಾರು 70 ಪದಗಳನ್ನು ತೆಗೆದುಕೊಳ್ಳುತ್ತದೆ. ಇಂಗ್ಲಿಷಿಗೆ ಅದು ಸರಿ. ‘ದೇವಸ್ಥಾನದಲ್ಲಿರುವವರೆಲ್ಲರೂ’ ಎಂಬುದೂ ಒಂದೇ ಪದವಾಗುವ ನಮ್ಮ ಭಾಷೆಯಲ್ಲಿ 70 ಪದ ಎಂದರೆ ಅರ್ಧ ಲೇಖನ. ನಾನು 30ಕ್ಕೆ ಇಳಿಸಿದ್ದೇನೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.7 ಪಟ್ಟಿಗೆ ಏರಿಸಿದೆ, ಇಲ್ಲವಾದರೆ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಕೂರುತ್ತವೆ. ಫೈಲ್‌ಗಳಿಗೆ ಇಂಗ್ಲಿಷ್ ಹೆಸರಿಡುತ್ತೇನೆ. ಕನ್ನಡದಲ್ಲಿಟ್ಟರೆ ವಾಟ್ಸ್ಆ್ಯಪ್‌ನಲ್ಲಿ ಹಂಚಿದ ಕೊಂಡಿ ಶೇಕಡಾ ಚಿಹ್ನೆಗಳ ಮೆರವಣಿಗೆಯಾಗುತ್ತದೆ.

ಫೋಟೊಗಳ ವಿಷಯದಲ್ಲಿ ಮಾತ್ರ ಹ್ಯೂಗೊಗೆ ಪೂರ್ತಿ ಅಂಕ. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯದ ಕಂಬಗಳ ಚಿತ್ರಗಳನ್ನು ಕ್ಯಾಮೆರಾದಿಂದ ಬಂದ ಹಾಗೆಯೇ ಲೇಖನದ ಫೋಲ್ಡರ್‌ಗೆ ಹಾಕುತ್ತೇನೆ. ಟೆಂಪ್ಲೇಟ್‌ನಲ್ಲಿ ಒಮ್ಮೆ ಹೇಳಿಟ್ಟಿರುವಂತೆ ಅವು 1200 ಪಿಕ್ಸೆಲ್ ಅಗಲಕ್ಕೆ ಕುಗ್ಗಿ, ವೆಬ್‌ಪಿ ಎಂಬ ಹಗುರ ಚಿತ್ರ ರೂಪಕ್ಕೆ ಬದಲಾಗುತ್ತವೆ. ಕೆತ್ತನೆಯ ನವಿರು ಉಳಿಯುತ್ತದೆ.

ನಿರ್ವಹಣೆಗೆ ಹೆಚ್ಚು ಸಮಯ ಬೇಡ, ಆದರೆ ಆವೃತ್ತಿಯ ಮೇಲೆ ಕಣ್ಣಿರಲಿ. ಹ್ಯೂಗೊ ತನ್ನ ಒಳಗನ್ನು ಆಗಾಗ ಬದಲಿಸಿಕೊಳ್ಳುತ್ತದೆ. 2025ರಲ್ಲಿ ಬಂದ 0.146ರಲ್ಲಂತೂ ಟೆಂಪ್ಲೇಟ್ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿದರು. ಯಾವ ಆವೃತ್ತಿಯಲ್ಲಿ ತಾಣ ಸರಿಯಾಗಿ ನಡೆಯುತ್ತಿದೆ ಎಂದು ಬರೆದಿಟ್ಟುಕೊಂಡು, ವರ್ಷಕ್ಕೊಮ್ಮೆ ತಾಣದ ಒಂದು ನಕಲಿನ ಮೇಲೆ ಹೊಸದನ್ನು ಪರೀಕ್ಷಿಸಿಯೇ ಬದಲಿಸುತ್ತೇನೆ. ಸಿದ್ಧ ಪುಟಗಳು ಸೇರುವ ‘ಪಬ್ಲಿಕ್’ ಫೋಲ್ಡರನ್ನು ಆಗಾಗ ಖಾಲಿ ಮಾಡಿ. ಅಳಿಸಿದ ಲೇಖನದ ಹಳೆಯ ಪುಟ ಅಲ್ಲೇ ಅಡಗಿ ಕುಳಿತಿರುತ್ತದೆ.

ಫೋನಿನಲ್ಲೇ ಬರೆದು ಫೋನಿನಿಂದಲೇ ಹಾಕಬೇಕೆನ್ನುವವರಿಗೆ ಇದು ಆಗಿಬರುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಒಂದು ವಾರ ಹೆಣಗಿ ಬಿಟ್ಟರು. ಈಗ ಅವರು ಲೇಖನಗಳನ್ನು ನನಗೆ ಕಳಿಸುತ್ತಾರೆ, ನಾನು ಹಾಕುತ್ತೇನೆ.