265/70 ಸಾಕು, ಲಿಫ್ಟ್ ಕಿಟ್ ಬೇಡ: ಡಿ-ಮ್ಯಾಕ್ಸ್‌ನಲ್ಲಿ ಹಾಕಿ ನೋಡಿದ ಮೂರು ಸೆಟಪ್

ಶ್ರೀನಿವಾಸಪುರದ ಕಡೆಯ ತೋಟದಿಂದ ಟೊಮೆಟೊ ಕ್ರೇಟ್ ಹೇರಿಕೊಂಡು ಕೋಲಾರದ ಎಪಿಎಂಸಿಗೆ ಹೋಗಿ, ಆಗಾಗ ಬೆಂಗಳೂರು ಹೈವೇ ಹಿಡಿಯುವ ಇಸುಜು ಡಿ-ಮ್ಯಾಕ್ಸ್ ಪಿಕಪ್‌ಗೆ ಲಿಫ್ಟ್ ಕಿಟ್ (ಗಾಡಿಯನ್ನು ಮೇಲೇರಿಸುವ ಸಾಮಾನು) ದಂಡದ ಖರ್ಚು. ಕಂಪನಿಯ 245/70 ಆರ್16 ಟೈರ್ (ಅಗಲ 245 ಮಿ.ಮೀ., ಪಕ್ಕದ ಎತ್ತರ ಅದರ ಶೇ. 70, ರಿಮ್ 16 ಇಂಚು) ತೆಗೆದು, ಮಣ್ಣಿಗೂ ಟಾರಿಗೂ ಆಗುವ 265/70 ಆರ್16 ಆಲ್-ಟೆರೇನ್ ಹಾಕಿ, ಎತ್ತರ ಇದ್ದಷ್ಟೇ ಇರಲಿ. ಇದು ಒಂದನೇ ಸೆಟಪ್, ನನ್ನ ಮತವೂ ಇದಕ್ಕೇ. ಎರಡನೆಯದು ಹಳೇ ಟೈರ್ ಉಳಿಸಿಕೊಂಡು ಮುಂದೆ ಸ್ಪೇಸರ್ (ಸ್ಪ್ರಿಂಗ್ ಮೇಲೆ ಕೂರಿಸುವ ದಪ್ಪ ಬಿಲ್ಲೆ), ಹಿಂದೆ ಉದ್ದದ ಶಾಕಲ್ (ಪ್ಲೇಟ್ ಸ್ಪ್ರಿಂಗ್‌ನ ಒಂದು ತುದಿಯನ್ನು ಚಾಸಿಗೆ ಸೇರಿಸುವ ಪಟ್ಟಿ). ಮೂರನೆಯದು 265/75 ಆರ್16, ಜೊತೆಗೆ ಎರಡಿಂಚಿನ ಸ್ಪ್ರಿಂಗ್-ಶಾಕ್ ಕಿಟ್.

ನಮ್ಮ ಕಡೆ ಗಾಡಿ ತಳ ತಾಗುವುದು ಎಲ್ಲಿ ಅಂತ ಮೊದಲು ನೋಡಬೇಕು. ಟ್ರ್ಯಾಕ್ಟರ್ ಓಡಾಡಿದ ಹೊಲದ ದಾರಿಯಲ್ಲಿ ಎರಡೂ ಕಡೆ ಚಕ್ರದ ಜಾಡು ಆಳವಾಗಿ, ನಡುವೆ ಮಣ್ಣಿನ ದಿಂಡು ಎದ್ದಿರುತ್ತದೆ. ಅದಕ್ಕೆ ತಾಗುವುದು ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಶಿಯಲ್ ಹೌಸಿಂಗ್, ಅಂದರೆ ಗೇರ್‌ಗಳಿರುವ ಗುಂಡನೆ ಉಬ್ಬು. ಲಿಫ್ಟ್ ಕಿಟ್ ಏರಿಸುವುದು ಚಾಸಿಯನ್ನು ಮಾತ್ರ, ಆಕ್ಸಲ್ ಇದ್ದಲ್ಲೇ ಇರುತ್ತದೆ. ಆಕ್ಸಲ್ ಏರಬೇಕಾದರೆ ಟೈರೇ ದೊಡ್ಡದಾಗಬೇಕು. ಲೆಕ್ಕ ಹಾಕಿ: 245/70 ಆರ್16ರ ವ್ಯಾಸ ಸುಮಾರು 749 ಮಿ.ಮೀ., 265/70ರದ್ದು 777, 265/75ರದ್ದು 804. ಅಂದರೆ ಹೌಸಿಂಗ್ ಕೆಳಗೆ ಸಿಗುವ ಹೆಚ್ಚುವರಿ ಜಾಗ ಕ್ರಮವಾಗಿ 14 ಮತ್ತು 27 ಮಿ.ಮೀ. ಎರಡನೇ ಸೆಟಪ್‌ನಲ್ಲಿ ಸೊನ್ನೆ. ನೋಡೋಕೆ ಗಾಡಿ ಎತ್ತರ, ದಿಂಡಿನ ಮೇಲೆ ಹೋದರೆ ಅದೇ ಕರಕರ.

ಸ್ಪೇಸರ್ ಇನ್ನೊಂದು ತೊಂದರೆಯನ್ನೂ ತರುತ್ತದೆ. ಖಾಲಿ ಪಿಕಪ್‌ನ ಹಿಂಭಾಗ ಸ್ವಲ್ಪ ಎತ್ತರ ಇರುವುದು ಲೋಡ್ ಬಿದ್ದಾಗ ಸಮವಾಗಲಿ ಅಂತ. ಶಾಕಲ್ ಬಿಟ್ಟು ಮುಂದೆ ಮಾತ್ರ ಏರಿಸಿ ‘ಲೆವೆಲ್’ ಮಾಡಿದ ಗಾಡಿಗೆ 15 ಕೆಜಿಯ ಕ್ರೇಟ್ ಹದಿನೈದು ಹೇರಿದರೆ 225 ಕೆಜಿ. ಹಿಂದೆ ಕೂತು ಮೂತಿ ಮೇಲಾಗುತ್ತದೆ, ಹೆಡ್‌ಲೈಟ್ ಎದುರಿನವನ ಕಣ್ಣಿಗೇ ಬೀಳುತ್ತದೆ. ಶಾಕಲ್ ವಿಷಯದಲ್ಲಿ ಅಂಗಡಿಯವರು ಹೇಳದ ಲೆಕ್ಕ ಒಂದಿದೆ: 50 ಮಿ.ಮೀ. ಉದ್ದ ಹೆಚ್ಚಿಸಿದರೆ ಗಾಡಿ ಏರುವುದು ಸುಮಾರು 25 ಮಿ.ಮೀ. ಮಾತ್ರ, ಯಾಕಂದರೆ ಪ್ಲೇಟ್ ಸೆಟ್‌ನ ಒಂದು ತುದಿ ಮಾತ್ರ ಇಳಿಯುತ್ತದೆ. ಆಕ್ಸಲ್ ವಾಲುವುದರಿಂದ, ಇಂಜಿನ್ ಶಕ್ತಿಯನ್ನು ಅದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನವೂ ಬದಲಾಗಿ ನಡುಕ ಬರಬಹುದು. ಹಿಂದಿನ ಬ್ರೇಕಿಗೆ ಲೋಡ್ ಸೆನ್ಸಿಂಗ್ ವಾಲ್ವ್ ಇರುವ ಗಾಡಿಯಾದರೆ ಅದರ ಕಡ್ಡಿಯನ್ನು ಮತ್ತೆ ಸೆಟ್ ಮಾಡಿಸಲೇಬೇಕು. ಇಲ್ಲದಿದ್ದರೆ ಚಾಸಿ ಎತ್ತರ ಇರುವುದನ್ನು ಕಂಡು ವಾಲ್ವ್ ಗಾಡಿ ಖಾಲಿ ಅಂದುಕೊಳ್ಳುತ್ತದೆ, ಲೋಡಿನಲ್ಲೂ ಹಿಂದಿನ ಬ್ರೇಕ್ ಕಡಿಮೆ ಹಿಡಿಯುತ್ತದೆ.

ಈಗ ಉಜ್ಜುವ ವಿಷಯ. 265/75ರಲ್ಲಿ ತಲೆ ಕೆಡಿಸುವುದು ಇದೊಂದೇ. ಸ್ಟೇರಿಂಗ್ ಫುಲ್ ಕಟ್ ಮಾಡಿದಾಗ ಟೈರಿನ ಭುಜ ಮುಂದಿನ ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಲೈನರ್‌ನ ಹಿಂಬದಿಯ ಕೆಳಮೂಲೆಗೆ ತಾಗುತ್ತದೆ. ನಿಂತ ಗಾಡಿಯಲ್ಲಿ ಪರೀಕ್ಷಿಸಿದರೆ ಏನೂ ಗೊತ್ತಾಗಲ್ಲ. ಮುಂದೆ ಹೋಗುತ್ತಾ ಬ್ರೇಕ್ ಒತ್ತಿದಾಗ ಸಸ್ಪೆನ್ಷನ್‌ನ ರಬ್ಬರ್ ಬುಷ್‌ಗಳು ಬಳುಕಿ ಚಕ್ರ ಕೆಲವು ಮಿ.ಮೀ. ಹಿಂದೆ ಸರಿಯುತ್ತದೆ, ಉಜ್ಜುವುದು ಆಗ. ರಿವರ್ಸ್‌ನಲ್ಲಿ ಬ್ರೇಕ್ ಒತ್ತಿದರೆ ಮುಂದೆ ಸರಿದು ಬಂಪರ್ ಮೂಲೆಗೆ ತಾಗಬಹುದು.

ಪತ್ತೆ ಮಾಡೋದು ಸುಲಭ. ಟೈರಿನ ಭುಜದ ಸುತ್ತ ಸೀಮೆಸುಣ್ಣ ದಪ್ಪಗೆ ಬಳಿಯಿರಿ. ಒಂದು ಚಕ್ರವನ್ನು ಅರ್ಧ ಅಡಿ ಎತ್ತರದ ಕಲ್ಲಿನ ಮೇಲೆ ಹತ್ತಿಸಿ ಸಸ್ಪೆನ್ಷನ್ ಅದುಮಿಸಿ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಫುಲ್ ಕಟ್ ಮಾಡಿ ನಿಧಾನಕ್ಕೆ ಮುಂದೆ-ಹಿಂದೆ ಓಡಿಸಿ ಬ್ರೇಕ್ ಹಾಕಿ. ಲೈನರ್ ಮೇಲೆ ಬಿಳಿ ಎಲ್ಲಿ ಅಂಟಿದೆಯೋ ಕೆಲಸ ಅಲ್ಲೇ. ಮೊದಲು ಮಡ್ ಫ್ಲಾಪ್ ಬಿಚ್ಚಿ, ಅರ್ಧ ಕಡೆ ಅದರಲ್ಲೇ ಮುಗಿಯುತ್ತದೆ. ಆಮೇಲೆ ಲೈನರ್‌ನ ಕ್ಲಿಪ್ ತೆಗೆದು, ಹೀಟ್ ಗನ್‌ನಿಂದ ಪ್ಲಾಸ್ಟಿಕ್ ಮೆತ್ತಗೆ ಮಾಡಿ ಹಿಂದಕ್ಕೆ ಒತ್ತಿ. ಅದರ ಹಿಂದೆ ಎರಡು ತಗಡು ಸೇರಿ ವೆಲ್ಡ್ ಆದ ಅಂಚು ಇರುತ್ತದೆ. ಅದೂ ತಾಗುತ್ತಿದ್ದರೆ ಸುತ್ತಿಗೆಯಿಂದ ಮಡಚಿ, ಬರಿ ತಗಡು ಕಂಡಲ್ಲಿ ತುಕ್ಕು ತಡೆಯುವ ಬಣ್ಣ ಬಳಿಯಲೇಬೇಕು.

“ಲಿಫ್ಟ್ ಹಾಕಿಸಿ, ಉಜ್ಜಲ್ಲ” ಅನ್ನುವ ಮಾತು ಗ್ಯಾರೇಜುಗಳಲ್ಲಿ ಧಾರಾಳ. ಅರ್ಧ ಸುಳ್ಳು. ಸ್ಪ್ರಿಂಗ್ ಕಿಟ್ ಏರಿಸುವುದು ನಿಂತಾಗಿನ ಎತ್ತರವನ್ನು. ಗುಂಡಿಗೆ ಬಿದ್ದು ಚಕ್ರ ಪೂರ್ತಿ ಮೇಲೆದ್ದರೆ ಟೈರ್ ಹೋಗಿ ಕೂರುವುದು ಮುಂಚಿನ ಜಾಗದಲ್ಲೇ. ಹೊರಗೆ ಚಾಚುವ ರಿಮ್ ಹಾಕಿದರಂತೂ ಕಟ್ ಮಾಡಿದಾಗ ಟೈರ್ ತಿರುಗುವ ಸುತ್ತು ದೊಡ್ಡದಾಗಿ ಇನ್ನೂ ಹೆಚ್ಚು ಉಜ್ಜುತ್ತದೆ. ಉಪಯೋಗಕ್ಕೆ ಬರುವುದು ಅಲೈನ್‌ಮೆಂಟ್: ಚಕ್ರವನ್ನು ಚಾಸಿಗೆ ಹಿಡಿದಿಡುವ ಕೆಳಗಿನ ಆರ್ಮ್‌ನ ಕ್ಯಾಮ್ ಬೋಲ್ಟ್‌ನಲ್ಲಿ (ತಿರುಗಿಸಿದರೆ ಆರ್ಮ್ ಸರಿಯುವ ಬೋಲ್ಟ್) ಸಿಗುವಷ್ಟು ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿದ ಕೋನ, ಹೆಚ್ಚು ಮಾಡಿಸಿ, ಚಕ್ರ ಕೊಂಚ ಮುಂದೆ ಬರುತ್ತದೆ. ಲಿಫ್ಟ್‌ನಿಂದ ಕ್ಯಾಸ್ಟರ್ ಕಡಿಮೆಯಾಗಿಯೇ ಇರುತ್ತದೆ. ಸರಿಪಡಿಸದಿದ್ದರೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರಲ್ಲ, ಹೈವೇಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಎರಡಿಂಚು ದಾಟಿದರೆ ಕ್ಯಾಮ್ ಬೋಲ್ಟ್‌ಗೂ ಸಾಲದು, ಮೇಲಿನ ಆರ್ಮ್ ಬದಲಿಸಬೇಕು. ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಡ್ರೈವ್ ಶಾಫ್ಟ್‌ನ ಸಿವಿ ಜಾಯಿಂಟ್ (ತಿರುಗುತ್ತಲೇ ಬಾಗುವ ಕೀಲು) ಕಡಿದಾದ ಕೋನದಲ್ಲಿ ತಿರುಗಿ ರಬ್ಬರ್ ಬೂಟ್ ಹರಿಯುತ್ತದೆ. ಬಿಲ್ ಬೆಳೆಯುವುದು ಹೀಗೆ.

265/70ಕ್ಕೆ ಇದ್ಯಾವುದೂ ಇಲ್ಲ. ಅಗಲ 20 ಮಿ.ಮೀ. ಹೆಚ್ಚು, ಒಳಗೆ ಹತ್ತು, ಹೊರಗೆ ಹತ್ತು. 7 ಇಂಚಿನ ರಿಮ್‌ಗೆ ಸರಿಯಾಗಿ ಕೂರುತ್ತದೆ. ಸೀಮೆಸುಣ್ಣದ ಪರೀಕ್ಷೆ ಮಾತ್ರ ಇದಕ್ಕೂ ಮಾಡಿ. ಸ್ಪೀಡೋಮೀಟರ್ 80 ತೋರಿಸುವಾಗ ನಿಜವಾದ ವೇಗ 83ರ ಹತ್ತಿರ, 265/75ರಲ್ಲಿ 86. ಮೈಲೇಜ್ ಬಿತ್ತು ಅಂತ ಗೋಳಾಡುವವರು ಓಡೋಮೀಟರ್ ಕೂಡ ಅಷ್ಟೇ ಕಡಿಮೆ ಎಣಿಸುತ್ತದೆ ಅನ್ನೋದನ್ನು ಮರೆತಿರುತ್ತಾರೆ.

ಟೈರ್ ತೆಗೆದುಕೊಳ್ಳುವಾಗ ಲೋಡ್ ಇಂಡೆಕ್ಸ್ ನೋಡಿ. 111 ಅಂದರೆ ಒಂದು ಟೈರ್ ಹೊರುವುದು 1090 ಕೆಜಿ, 121 ಅಂದರೆ 1450. ಹಳೆಯದಕ್ಕಿಂತ ಕಡಿಮೆ ಬೇಡ. ಬೇಲಿಯ ಬಳ್ಳಾರಿ ಜಾಲಿ ಮುಳ್ಳು, ಕ್ವಾರಿ ಪಕ್ಕದ ಚೂಪು ಜಲ್ಲಿ ಇರುವ ದಾರಿಯಾದರೆ ಪಕ್ಕದ ಗೋಡೆ ದಪ್ಪ ಇರುವ ಎಲ್‌ಟಿ (ಲೈಟ್ ಟ್ರಕ್) ಟೈರ್ ಒಳ್ಳೆಯದು. ತೂಕ ಜಾಸ್ತಿ, ಖಾಲಿ ಗಾಡಿಯಲ್ಲಿ ಕುಲುಕಾಟವೂ ಜಾಸ್ತಿ. ಅದೇ ಲೋಡಿಗೆ ಗಾಳಿಯೂ ಹೆಚ್ಚು ಬೇಕು.

ನಾಲ್ಕೂ ಟೈರ್ ಒಟ್ಟಿಗೇ ಬದಲಿಸಿ. ಫೋರ್ ವೀಲ್ ಡ್ರೈವ್‌ನಲ್ಲಿ ಹಿಂದೆ-ಮುಂದೆ ಬೇರೆ ವ್ಯಾಸ ಇದ್ದರೆ ಶಕ್ತಿಯನ್ನು ಎರಡೂ ಆಕ್ಸಲ್‌ಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಕೆಡುತ್ತದೆ.

ಕಾನೂನೂ ಲೆಕ್ಕದಲ್ಲಿರಲಿ. ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ ಕಂಪನಿಯ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಸೇರಿದವು. ಎಫ್‌ಸಿಯಲ್ಲಿ (ಫಿಟ್‌ನೆಸ್ ತಪಾಸಣೆ), ಇನ್ಶೂರೆನ್ಸ್ ಕ್ಲೇಮ್‌ನಲ್ಲಿ ಮೊದಲು ಕಣ್ಣಿಗೆ ಬೀಳುವುದು ಲಿಫ್ಟ್ ಕಿಟ್. ಟೈರ್ ಅಳತೆಯನ್ನೂ ಕಂಪನಿಯ ಪಟ್ಟಿ ನೋಡಿಯೇ ಆರಿಸಿ.

ದುಡ್ಡಿನ ವಿಷಯಕ್ಕೆ ಬಂದರೆ, ಒಳ್ಳೆ ಸ್ಪ್ರಿಂಗ್-ಶಾಕ್ ಕಿಟ್‌ನ ಬೆಲೆ ನಾಲ್ಕು ಟೈರ್‌ಗಿಂತ ಹೆಚ್ಚು. ಅದರ ಮೇಲೆ ಅಲೈನ್‌ಮೆಂಟ್, ಆರ್ಮ್. ಕ್ರೇಟ್ ಎತ್ತಿಡುವ ಆಳಿಗೆ ಹಿಂದಿನ ಬಾಗಿಲು ಎರಡಿಂಚು ಮೇಲಾಗುವುದು ಬೇರೆ. ಲಿಫ್ಟ್ ಬೇಕಾಗುವುದು ಮುಂದೆ ಕಬ್ಬಿಣದ ಬಂಪರ್, ವಿಂಚ್ ಕೂರಿಸಿದವರಿಗೆ. ಆ ತೂಕಕ್ಕೆ ಮುಂಭಾಗ ಕುಸಿಯುವುದರಿಂದ ಗಟ್ಟಿ ಸ್ಪ್ರಿಂಗ್ ಹಾಕಲೇಬೇಕು. ಅಂಥವರೂ ಸ್ಪೇಸರ್ ಬಿಟ್ಟು ಪೂರ್ತಿ ಕಿಟ್ ತೆಗೆದುಕೊಳ್ಳಲಿ. ಪ್ಲೇಟ್ ಸೆಟ್ಟನ್ನು ಆಕ್ಸಲ್‌ಗೆ ಬಿಗಿಯುವ ಹಿಂದಿನ ಯು-ಬೋಲ್ಟ್ ಹಳೆಯದನ್ನೇ ಮತ್ತೆ ಬಿಗಿಯದೆ ಹೊಸದು ಹಾಕಿಸಿ, 500 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಿಡಿಸಲಿ.