ಯಲಹಂಕ, ಮರೀನಾ, ಟ್ಯಾಂಕ್‌ಬಂಡ್: ಬಳ್ಳಾರಿಯವರು ವಿಮಾನ ನೋಡಲು ಎಲ್ಲಿಗೆ ಹೋಗಬೇಕು?

ಮೊದಲೇ ಹೇಳಿಬಿಡುತ್ತೇನೆ: ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ವಿಮಾನ ಪ್ರದರ್ಶನ ಏರೋ ಇಂಡಿಯಾದ 1,000 ರೂಪಾಯಿಯ ಟಿಕೆಟ್ಟೇ ನನ್ನ ಆಯ್ಕೆ. ಚೆನ್ನೈನ ಮರೀನಾ ಕಡಲತೀರದಲ್ಲಿ, ಹೈದರಾಬಾದಿನ ಟ್ಯಾಂಕ್‌ಬಂಡ್ ಮೇಲೆ ಪುಕ್ಕಟೆಯಾಗಿ ನೋಡಿದ ಪ್ರದರ್ಶನಗಳನ್ನೂ, ಅದೇ ಏರೋ ಇಂಡಿಯಾಕ್ಕೆ 2,500 ರೂಪಾಯಿ ತೆತ್ತು ಒಳಗೆಲ್ಲ ಸುತ್ತಿದ್ದನ್ನೂ ಲೆಕ್ಕಕ್ಕೆ ಹಿಡಿದೇ ಈ ಮಾತು. ನಾನು ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಲೆಕ್ಕ ಬರೆಯುವವನು. ಭಾನುವಾರ ಬಿಟ್ಟರೆ ಉಳಿದ ದಿನ ರಜೆ ಹಾಕಿದರೆ ಸಂಬಳ ಕಡಿತ. ಪುಕ್ಕಟೆ ಎಂದರೆ ಕಿವಿ ನೆಟ್ಟಗಾಗಬೇಕಾದ ಜಾತಿಯವನೇ. ಆದರೂ ದುಡ್ಡು ಕೊಟ್ಟು, ಸಂಬಳ ಬಿಟ್ಟು ನೋಡಿದ್ದೇ ದಕ್ಕಿತು.

ಕಾರಣ ರನ್‌ವೇ. ಮರೀನಾದಲ್ಲೂ ಟ್ಯಾಂಕ್‌ಬಂಡ್‌ನಲ್ಲೂ ವಿಮಾನಗಳು ಬೇರೆಲ್ಲೋ ಮೇಲೇರಿ, ನಮ್ಮ ತಲೆಯ ಮೇಲೆ ಬಂದು, ಮತ್ತೆಲ್ಲೋ ಇಳಿಯುತ್ತವೆ. ಯಲಹಂಕದಲ್ಲಿ ಅವು ಕಣ್ಣೆದುರೇ ಏರುತ್ತವೆ, ಕಣ್ಣೆದುರೇ ಇಳಿಯುತ್ತವೆ. ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಸುಖೋಯ್-30 ಯುದ್ಧವಿಮಾನ ಒಂದು ಸಲ ಓಟ ಕಿತ್ತದ್ದನ್ನು ನೋಡಿದವರಿಗೆ ಗೊತ್ತು. ರನ್‌ವೇ ತುದಿಯಲ್ಲಿ ಅದು ನಿಂತಾಗ ಹಿಂದಿನ ಗಾಳಿಯೆಲ್ಲ ಬಿಸಿಗೆ ನಡುಗುತ್ತಿರುತ್ತದೆ. ಅದರಾಚೆಯ ಮರಗಳು ಕಲಸಿಹೋಗುತ್ತವೆ. ಎರಡೂ ಎಂಜಿನ್‌ಗಳ ಬಾಯಲ್ಲಿ ಕಿತ್ತಳೆ ಬೆಂಕಿ ಕಾಣಿಸುತ್ತದೆ. ವಿಮಾನ ಆಗಲೇ ಓಡಲು ಶುರುಮಾಡಿರುತ್ತದೆ, ಸದ್ದು ಆಮೇಲೆ ಬರುತ್ತದೆ. ಅದು ಕಿವಿಗಿಂತ ಮೊದಲು ಪಕ್ಕೆಲುಬಿಗೆ ತಟ್ಟುತ್ತದೆ. ಮೂಗಿನ ಚಕ್ರ ನೆಲ ಬಿಟ್ಟು, ಹಿಂದಿನ ಚಕ್ರಗಳು ಇನ್ನೂ ನೆಲದ ಮೇಲೇ ಉರುಳುವ ಆ ಕ್ಷಣಕ್ಕಾಗಿ ನಾನು ಸಾವಿರ ರೂಪಾಯಿ ಕೊಡುತ್ತೇನೆ. ಇಳಿಯುವಾಗ ಇನ್ನೊಂದು ಬಗೆ: ಚಕ್ರ ನೆಲ ಮುಟ್ಟಿದೊಡನೆ ಬಾಲದ ಬಳಿ ಪ್ಯಾರಾಚೂಟ್ ಬಿಚ್ಚಿಕೊಂಡು ವಿಮಾನವನ್ನು ಹಿಂದಕ್ಕೆ ಜಗ್ಗುತ್ತದೆ. ವೇಗ ತಗ್ಗಿದ ಮೇಲೆ ಅದನ್ನು ಕಳಚಿ ಬೀಳಿಸುತ್ತಾರೆ. ಅದಕ್ಕೂ ಜನ ಚಪ್ಪಾಳೆ ತಟ್ಟುತ್ತಾರೆ. ನಾನೂ ತಟ್ಟಿದ್ದೇನೆ.

2025ರ ಫೆಬ್ರುವರಿಯಲ್ಲಿ ರಷ್ಯಾದ ಸುಖೋಯ್-57 ಬಂದಿತ್ತು. ಹೊಗೆ ಹೊರಬರುವ ನಳಿಕೆಯನ್ನೇ ಬೇಕಾದ ದಿಕ್ಕಿಗೆ ತಿರುಗಿಸಬಲ್ಲ ಎಂಜಿನ್ ಅದರದು. ಮೂಗೆತ್ತಿ, ವೇಗವನ್ನೆಲ್ಲ ಕಳೆದುಕೊಂಡು, ಇನ್ನೇನು ಬಿತ್ತು ಎನ್ನುವಾಗ ತನ್ನ ಸುತ್ತ ತಾನೇ ತಿರುಗಿ ಹೊರಟುಹೋಯಿತು. ಅಮೆರಿಕದ ಎಫ್-35 ಅದೇ ಆವರಣದಲ್ಲಿ ನೆಲದ ಮೇಲೆ ನಿಂತಿತ್ತು. ನನ್ನ ಟಿಕೆಟ್ಟಿಗೆ ಅದರ ಹತ್ತಿರ ಹೋಗುವ ಯೋಗವಿಲ್ಲ.

ಇಲ್ಲೇ ಎರಡು ಟಿಕೆಟ್ಟುಗಳ ವ್ಯವಹಾರ ಬರುತ್ತದೆ. 1,000 ರೂಪಾಯಿಗೆ ಹಾರಾಟ ವೀಕ್ಷಣೆಯ ಪ್ರತ್ಯೇಕ ಆವರಣ ಮಾತ್ರ. ಇಂಗ್ಲಿಷಿನ ‘ಏರ್ ಡಿಸ್‌ಪ್ಲೇ ವ್ಯೂಯಿಂಗ್ ಏರಿಯಾ’ದ ಮೊದಲಕ್ಷರಗಳನ್ನು ಕೂಡಿಸಿ ಜನ ಅದನ್ನು ‘ಅಡ್ವಾ’ ಎಂದೇ ಕರೆಯುತ್ತಾರೆ. 2,500 ಕೊಟ್ಟರೆ ಮಳಿಗೆಗಳು, ನಿಲ್ಲಿಸಿಟ್ಟ ವಿಮಾನಗಳು ಎಲ್ಲವೂ ಸೇರುತ್ತವೆ, ಆದರೆ ಸಾರ್ವಜನಿಕರಿಗೆ ಕೊನೆಯ ಎರಡು ದಿನ ಮಾತ್ರ. 2023ರಲ್ಲಿ ನಾನು ದೊಡ್ಡ ಟಿಕೆಟ್ಟನ್ನೇ ಕೊಂಡಿದ್ದೆ. ಎಫ್-35 ಭಾರತದ ನೆಲಕ್ಕೆ ಇಳಿದದ್ದು ಆ ವರ್ಷವೇ ಮೊದಲು. ಮಳಿಗೆಗಳಲ್ಲಿ ರಾಡಾರ್, ಕ್ಷಿಪಣಿಯ ಮಾದರಿಗಳು, ಕೋಟು ತೊಟ್ಟ ಗಂಭೀರ ಮುಖಗಳು. ನಾವೇನು ಕ್ಷಿಪಣಿ ಕೊಳ್ಳುವ ಗಿರಾಕಿಗಳೇ? ಒಂದು ಹೊತ್ತು ಸುತ್ತುವಷ್ಟರಲ್ಲಿ ಕಾಲು ಸೋತಿತು. ಆ ಹೊತ್ತಿನಲ್ಲಿ ಹೊರಗೆ ಹಾರಿದ್ದು ತಪ್ಪಿಹೋಯಿತು. ವಿಮಾನದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲೇಬೇಕೆಂಬ ಮಕ್ಕಳಿದ್ದರೆ, ಎಂಜಿನಿಯರಿಂಗ್ ಓದುವ ಹುಡುಗರಿದ್ದರೆ ಕೊಡಿ. ಉಳಿದವರಿಗೆ ಅದು 1,500 ರೂಪಾಯಿ ದಂಡ.

ಇನ್ನು ಮರೀನಾ. 2024ರ ಅಕ್ಟೋಬರ್ 6, ಭಾನುವಾರ, ವಾಯುಪಡೆಯ 92ನೇ ವಾರ್ಷಿಕೋತ್ಸವದ ಪ್ರದರ್ಶನ. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರವರೆಗೆ 72 ವಿಮಾನಗಳು. ಟಿಕೆಟ್ ಇಲ್ಲ, ಸಂಬಳ ಕಡಿತವೂ ಇಲ್ಲ. ಗುಂತಕಲ್ಲಿನಲ್ಲಿ ರೈಲು ಬದಲಿಸಿದರೆ ಚೆನ್ನೈ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಅವಕಾಶವೇ ಇರಲಿಲ್ಲ. ಛತ್ರಿ, ಟೋಪಿ ಕಟ್ಟಿಕೊಳ್ಳೋಣ ಎಂದರೆ ಜೊತೆಗಿದ್ದ ಭಾವ ನಕ್ಕುಬಿಟ್ಟರು: “ಬಳ್ಳಾರಿ ಬಿಸಿಲಲ್ಲಿ ಬೆಳೆದವರಿಗೆ ಮದ್ರಾಸಿನ ಬಿಸಿಲು ಯಾವ ಲೆಕ್ಕವಪ್ಪ?”

ಲೆಕ್ಕ ಹೀಗಿದೆ. ನಮ್ಮೂರಿನ ಬಿಸಿಲು ಒಣ ಬಿಸಿಲು. ಬೆವರು ಒಡೆದದ್ದು ತಿಳಿಯುವ ಮೊದಲೇ ಆರುತ್ತದೆ, ಆರುವಾಗ ಮೈಯ ಕಾವನ್ನು ಒಯ್ಯುತ್ತದೆ. ಕಡಲ ದಂಡೆಯ ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ. ಬೆವರು ಆರುವುದಿಲ್ಲ, ಸುಮ್ಮನೆ ಹರಿಯುತ್ತದೆ, ಕಾವು ಒಳಗೇ ಉಳಿಯುತ್ತದೆ. ಬಳ್ಳಾರಿಯ ಮೇ ತಿಂಗಳಿಗಿಂತ ಥರ್ಮಾಮೀಟರ್ ಎಷ್ಟೋ ಕಡಿಮೆ ತೋರಿಸುತ್ತಿದ್ದರೂ ಮೈ ಅದನ್ನು ಒಪ್ಪುವುದಿಲ್ಲ. ಜೊತೆಗೆ ಮರಳಿನ ಕಾವು ಕೆಳಗಿನಿಂದ. ನೆರಳು ಎಂಬುದು ಹುಡುಕಿದರೂ ಇಲ್ಲ. ಮರೀನಾ ಪೂರ್ವಕ್ಕೆ ಮುಖ ಮಾಡಿದ ದಂಡೆ. ಪ್ರದರ್ಶನ ಶುರುವಾಗುವಾಗ ಸೂರ್ಯ ನಮ್ಮ ಮುಂದೆಯೇ, ಸ್ವಲ್ಪ ಬಲಕ್ಕೆ ಇದ್ದ. ಕಡಲ ಮೇಲೆ ಬಂದ ವಿಮಾನಗಳಲ್ಲಿ ಎಷ್ಟೋ ನನಗೆ ಕರಿಯ ಗೆರೆಗಳಾಗಿಯೇ ಕಂಡವು. ಭಾವ ಅರ್ಧ ಗಂಟೆಗೆಲ್ಲ ಅಂಗವಸ್ತ್ರವನ್ನು ತಲೆಗೆ ಹೊದ್ದು ಕೂತರು. ಆಮೇಲೆ ಬಳ್ಳಾರಿಯ ಹೆಸರೆತ್ತಲಿಲ್ಲ.

ನಿಜವಾದ ತೊಡಕು ಒಂದು ಗಂಟೆಗೆ ಶುರುವಾಯಿತು. ಒಂದೇ ಸುತ್ತಿನ ಪ್ರದರ್ಶನ, ಒಂದೇ ಹೊತ್ತಿಗೆ ಮುಕ್ತಾಯ. ಲಕ್ಷಗಟ್ಟಲೆ ಜನ ಅದೇ ನಿಮಿಷದಲ್ಲಿ ಎದ್ದು ಮೈ ಕೊಡವಿ ಒಂದೇ ದಿಕ್ಕಿಗೆ ತಿರುಗಿದರು. ಎದುರಿಗೆ ಕಾಮರಾಜರ್ ರಸ್ತೆ, ಅದರಾಚೆ ಚೇಪಾಕ್ ರೈಲು ನಿಲ್ದಾಣ. ನಡೆದರೆ ದೂರವೇನಲ್ಲ. ಆದರೆ ಅಲ್ಲಿ ನಡೆಯುವ ಪ್ರಶ್ನೆಯೇ ಇರಲಿಲ್ಲ, ಹಿಂದಿನವರು ನೂಕಿದಷ್ಟು ಮುಂದೆ ಸರಿಯುವುದು, ಅಷ್ಟೆ. ತಂದ ನೀರು ಹನ್ನೆರಡಕ್ಕೇ ಮುಗಿದಿತ್ತು. ಅಂಗಡಿಯಲ್ಲಿ ಬಾಟಲಿ ಕಾಣಿಸುತ್ತದೆ, ಅಲ್ಲಿಗೆ ಹೋಗಲು ಜನರ ಅಡ್ಡ ಸಾಲನ್ನು ಸೀಳಬೇಕು, ಸೀಳಿದರೆ ಭಾವ ಕಳೆದುಹೋಗುತ್ತಾರೆ. ಫೋನು ಮಾಡೋಣವೆಂದರೆ ಅಷ್ಟೂ ಜನರ ಮೊಬೈಲು ಕೆಲವೇ ಗೋಪುರಗಳಿಗೆ ಜೋತುಬಿದ್ದಿದ್ದರಿಂದ ಒಂದೂ ಕರೆ ಹೋಗುತ್ತಿರಲಿಲ್ಲ. ನಿಲ್ದಾಣದೊಳಗೆ ಪ್ಲಾಟ್‌ಫಾರ್ಮ್ ಕಾಣದಷ್ಟು ಜನ. ನಾವು ರೈಲಿನ ಆಸೆ ಬಿಟ್ಟು ಒಂದು ಕಟ್ಟಡದ ಮೆಟ್ಟಿಲ ಮೇಲೆ ಸಂಜೆಯಾಗುವವರೆಗೆ ಕೂತೆವು. ಅಂದು ಮರೀನಾಕ್ಕೆ ಬಂದವರಲ್ಲಿ ಐವರು ಸತ್ತರೆಂಬ ಸುದ್ದಿ ಗೊತ್ತಾದದ್ದು ಆಮೇಲೆ. ಊರಿನಿಂದ ಮನೆಯವಳು ಗಾಬರಿಯಿಂದ ಎಷ್ಟು ಸಲ ಕರೆ ಮಾಡಿದ್ದಳೋ, ನೆಟ್‌ವರ್ಕ್ ಬಂದ ಮೇಲೆ ಸಂದೇಶಗಳು ಒಂದರ ಹಿಂದೆ ಒಂದು ಬಂದು ಬಿದ್ದವು.

ಯಲಹಂಕದಲ್ಲಿ ಜನ ಕಡಿಮೆ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು. ಕೆಲವರು ಮೊದಲ ಸುತ್ತು ನೋಡಿ ಹೊರಡುತ್ತಾರೆ, ಕೆಲವರು ಊಟ ಮುಗಿಸಿ ಬರುತ್ತಾರೆ. ಮಾರಿದ ಟಿಕೆಟ್ಟಿಗೆ ಒಂದು ಮಿತಿಯೂ ಇರುತ್ತದೆ. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ, ಆದರೆ ಸಾವಿರ ರೂಪಾಯಿಯಲ್ಲಿ ಅರ್ಧ ಪಾಲು ಇದಕ್ಕೇ ಸಲ್ಲುತ್ತದೆ.

ಹಾಗೆಂದು ಮರೀನಾಕ್ಕೆ ಅನ್ಯಾಯ ಮಾಡಬಾರದು. ಹಳೆಯ ವಿಮಾನಗಳು ಹಾರಿದ್ದನ್ನು ಕಣ್ತುಂಬ ನೋಡಿದ್ದು ನಾನು ಅಲ್ಲಿಯೇ: ಹಾರ್ವರ್ಡ್ ಮತ್ತು ಡಕೋಟಾ. ಹಾರ್ವರ್ಡ್ ಎರಡನೇ ಮಹಾಯುದ್ಧದ ಕಾಲದ ತರಬೇತಿ ವಿಮಾನ. ಅದರ ಪ್ರೊಪೆಲರ್‌ನ ತುದಿ ಶಬ್ದದ ವೇಗಕ್ಕೆ ಸಮೀಪಿಸುವುದರಿಂದ ಎಂಜಿನ್‌ನ ಗುಡುಗಿನ ಮೇಲೆ ಒಂದು ಗರಗರ ಕೂಗು ಸೇರಿಕೊಳ್ಳುತ್ತದೆ. ಡಕೋಟಾ ಇನ್ನೂ ನಿಧಾನಿ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ್ದು ಇದೇ ಬಗೆಯ ವಿಮಾನಗಳು. ಈಗ ಹಾರುವ ‘ಪರಶುರಾಮ’ ಎಂಬ ಡಕೋಟಾವನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ 2018ರಲ್ಲಿ ವಾಯುಪಡೆಗೆ ಕೊಟ್ಟವರು ಆಗ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್, ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ಅದರ ಬಾಲಕ್ಕೆ ಬರೆದಿರುವ ವಿಪಿ 905 ಎಂಬ ಸಂಖ್ಯೆಯೂ ಆ ಕಾಶ್ಮೀರದ ದಿನಗಳದ್ದೇ. ಜೆಟ್ ಬಂದದ್ದು ಗೊತ್ತಾಗಿ ಕತ್ತು ತಿರುಗಿಸುವಷ್ಟರಲ್ಲಿ ದಾಟಿಹೋಗಿರುತ್ತದೆ. ಡಕೋಟಾ ಹಾಗಲ್ಲ. ದೂರದಲ್ಲಿ ಕಾಣಿಸಿ, ಹತ್ತಿರ ಬಂದು, ಕಿಟಕಿಗಳನ್ನು ತೋರಿಸಿ, ನಿಧಾನವಾಗಿ ಹೋಗುತ್ತದೆ. ಬೆವರಿಳಿಯುತ್ತಿದ್ದರೂ ಆ ಹೊತ್ತಿಗೆ ನಾನು ನೆರಳು ಕೇಳಲಿಲ್ಲ. ಇದೊಂದರಲ್ಲಿ ಮರೀನಾ ಗೆದ್ದಿತು.

ಟ್ಯಾಂಕ್‌ಬಂಡ್ ಬಗ್ಗೆ ಹೇಳುವುದು ಕಡಿಮೆ. 2024ರ ಡಿಸೆಂಬರ್ 8, ಅದೂ ಭಾನುವಾರ. ವಾಯುಪಡೆಯ ಕಸರತ್ತು ತಂಡವಾದ ಸೂರ್ಯಕಿರಣದ ಒಂಬತ್ತು ಹಾಕ್ ಜೆಟ್ ವಿಮಾನಗಳು ಹುಸೇನ್ ಸಾಗರದ ಮೇಲೆ, ಸಂಜೆಯ ತಂಪು ಹೊತ್ತು. ಈ ತಂಡ ಹುಟ್ಟಿದ್ದು 1996ರಲ್ಲಿ, ನೆಲೆ ನಮ್ಮ ಬೀದರ್. ಆ ಅಭಿಮಾನವೂ ಇತ್ತು. ಎದುರುಬದುರಾಗಿ ನುಗ್ಗಿ ಬುದ್ಧನ ಪ್ರತಿಮೆಯ ಆಸುಪಾಸಿನಲ್ಲಿ ಎರಡು ವಿಮಾನಗಳು ದಾಟಿಹೋದಾಗ ಪಕ್ಕದ ಅಜ್ಜಿಯೊಬ್ಬರು ಕಣ್ಣು ಮುಚ್ಚಿಕೊಂಡರು. ಚೆಂದ, ಆದರೆ ಬೇಗ ಮುಗಿಯಿತು. ಬಳ್ಳಾರಿಯಿಂದ ಹೈದರಾಬಾದಿಗೆ ಬಸ್ಸಿನಲ್ಲಿ ರಾತ್ರಿಯಿಡೀ ಕುಕ್ಕರಿಸಿಕೊಂಡು ಹೋಗಿ ಬರುವವನಿಗೆ ಅಷ್ಟು ಸಾಲದು. ಹೋಗುವವರಿಗೆ ಒಂದು ಕಿವಿಮಾತು: ಟ್ಯಾಂಕ್‌ಬಂಡ್ ಕೆರೆಯ ಪೂರ್ವಕ್ಕಿದೆ, ಇಳಿಹೊತ್ತಿನ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ಎದುರು ದಡದ ನೆಕ್ಲೆಸ್ ರಸ್ತೆಯಲ್ಲಿ ನಿಂತರೆ ಅವನು ಬೆನ್ನಿಗಿರುತ್ತಾನೆ.

ಯಲಹಂಕದ ಕೊರತೆಗಳನ್ನೂ ಹೇಳಬೇಕಲ್ಲ. 2025ರಲ್ಲಿ ಸಾರಂಗ್ ಹೆಲಿಕಾಪ್ಟರ್ ತಂಡ ಹಾರಲಿಲ್ಲ. ಆ ಜನವರಿಯಲ್ಲಿ ಪೋರಬಂದರಿನಲ್ಲಿ ನಡೆದ ಅಪಘಾತದ ನಂತರ ಆ ತಂಡ ಹಾರಿಸುವ ಧ್ರುವ ಹೆಲಿಕಾಪ್ಟರ್‌ಗಳನ್ನೆಲ್ಲ ನೆಲಕ್ಕೆ ಕಟ್ಟಿಹಾಕಿದ್ದರು. ಮರೀನಾದಲ್ಲಿ ಅವನ್ನು ನೋಡಿದ್ದ ನನಗೆ ಅದು ನಷ್ಟವಾಗಲಿಲ್ಲ. ವಿಮಾನಗಳು ದೂರದಲ್ಲಿ ಹಾರುತ್ತವೆ ಎಂದು ಗೊಣಗುವವರು ಇದ್ದಾರೆ. 2019ರಲ್ಲಿ ಇದೇ ಯಲಹಂಕದಲ್ಲಿ ತಾಲೀಮಿನ ವೇಳೆ ಸೂರ್ಯಕಿರಣದ ಎರಡು ಹಾಕ್‌ಗಳು ಡಿಕ್ಕಿಯಾಗಿ ಪೈಲಟ್ ಒಬ್ಬರು ತೀರಿಕೊಂಡರು. ಆ ದೂರ ಇರಲಿ. ಅದೇ ವರ್ಷ ವಾಹನ ನಿಲುಗಡೆಯ ಬಯಲಿಗೆ ಬೆಂಕಿ ಬಿದ್ದು ಸುಮಾರು 300 ಕಾರುಗಳು ಸುಟ್ಟಿದ್ದವು, ಆದ್ದರಿಂದ ಕಾರು ತೆಗೆದುಕೊಂಡು ಹೋಗುವವರಿಗೆ ನನ್ನ ಬೆಂಬಲವಿಲ್ಲ. ಮಾಂಸದೂಟದ ಆಸೆಯನ್ನೂ ಬಿಡಿ. ಚೆಲ್ಲಿದ ಮಾಂಸಕ್ಕೆ ಹದ್ದುಗಳು ಬರುತ್ತವೆ, ಹದ್ದು ಎಂಜಿನ್‌ಗೆ ಸಿಕ್ಕರೆ ಅನಾಹುತ ಎಂದು ಆ ದಿನಗಳಲ್ಲಿ ವಾಯುನೆಲೆಯ ಸುತ್ತ ಮಾಂಸ ಮಾರಾಟವನ್ನೇ ನಿಲ್ಲಿಸುತ್ತಾರೆ. 2025ರಲ್ಲಿ ಸುತ್ತಲಿನ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ನಿಷೇಧವಿತ್ತು.

ಪ್ರದರ್ಶನ ಸೋಮವಾರದಿಂದ ಶುಕ್ರವಾರದವರೆಗೆ, ಭಾನುವಾರವಿಲ್ಲ ಎಂಬುದೊಂದೇ ನನ್ನ ತಕರಾರು. ಆದರೂ ಹಂಪಿ ಎಕ್ಸ್‌ಪ್ರೆಸ್ ಇದೆಯಲ್ಲ. ರಾತ್ರಿ ಬಳ್ಳಾರಿಯಲ್ಲಿ ಹತ್ತಿ ಮಲಗಿದರೆ ನಸುಕಿನಲ್ಲಿ ಯಲಹಂಕ. ಬೆಂಗಳೂರಿನ ಒಳಗೆ ಹೋಗಿ ಮತ್ತೆ ಹೊರಗೆ ಬರುವ ಗೋಳಿಲ್ಲ. ವಾಯುನೆಲೆ ಇರುವುದೂ ಬಳ್ಳಾರಿ ರಸ್ತೆಯಲ್ಲೇ. ಕಣ್ಣುಜ್ಜಿಕೊಳ್ಳುತ್ತ ಒಂದು ಚಹಾ, ಇಡ್ಲಿ ಮುಗಿಸಿ ನಗರ ಸಾರಿಗೆಯ ಬಸ್ಸು ಹಿಡಿದರೆ ಮೊದಲ ಸುತ್ತಿಗೆ ಮೊದಲ ಸಾಲು. ರಾತ್ರಿ ಅದೇ ಹೆಸರಿನ ರೈಲಿಗೆ ವಾಪಸು. ಲಾಡ್ಜಿನ ಖರ್ಚು ಉಳಿಯುತ್ತದೆ, ಅದನ್ನೇ ಟಿಕೆಟ್ಟಿಗೆ ಹೊಂದಿಸುತ್ತೇನೆ. ಕೊಪ್ಪಳದವರಿಗೂ ಇದೇ ರೈಲು. ರಾಯಚೂರಿನವರ ಲೆಕ್ಕ ಬೇರೆ: ಅವರಿಗೆ ಹೈದರಾಬಾದೇ ಹತ್ತಿರ, ಸೂರ್ಯಕಿರಣ ಅಲ್ಲಿಗೆ ಬಂದರೆ ಹೋಗಿಬನ್ನಿ.

ಹಳೆಯ ವಿಮಾನಗಳ ಹುಚ್ಚಿದ್ದರೆ ಒಂದು ದಿನ ಹೆಚ್ಚಿಗೆ ಇದ್ದು, ಹಳೆ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಿ. ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ, 1961ರಲ್ಲಿ ಮೊದಲು ಹಾರಿದ ಮಾರುತ್ ಯುದ್ಧವಿಮಾನ ಅಲ್ಲಿದೆ. ಹಾರುವುದಿಲ್ಲ, ಆದರೆ ಮರದ ನೆರಳಿದೆ.

ಹೊರಡುವ ಮುನ್ನ ಟಿಕೆಟ್ಟನ್ನು ಕಾಗದದ ಮೇಲೆ ಮುದ್ರಿಸಿ ಜೇಬಿನಲ್ಲಿಡಿ, ಚಿಕ್ಕ ಮಕ್ಕಳಿದ್ದರೆ ಕಿವಿಗೆ ಹತ್ತಿ ಒಯ್ಯಿರಿ. ಜೊತೆಗಾರರು ಎಷ್ಟೇ ನಕ್ಕರೂ ಟೋಪಿ ಬಿಡಬೇಡಿ.